ಕೂಗದ ಕೆಂಪು ಹೂದಾನಿ

ನನ್ನ ಗಂಡನಿಗೆ ಕಿವಿ ಮಂದವಾಗುತ್ತಿದೆ ಎಂಬುದು ನನಗೆ ತಿಳಿದದ್ದು ಒಂದು ಹರಾಜಿನಲ್ಲಿ. ದಂಡಿನ ಕಡೆ, ಕಂಟೋನ್ಮೆಂಟಿನಲ್ಲಿ, ನಡೆಯುತ್ತಿದ್ದ ಹಳೇ ಸಾಮಾನುಗಳ ಹರಾಜು. ಎಪ್ಪತ್ತರ ದಶಕ ಆಗಲೇ ಅರ್ಧ ಕಳೆದಿತ್ತು. ಮೇಜಿನ ಮೇಲಿದ್ದ ಒಂದು ಗಿಡ್ಡ ನೀಲಿ ಹೂದಾನಿಯನ್ನು ಅವರು ಎಡ ಅಂಗೈಯ ಮೇಲೆ ಕೂರಿಸಿಕೊಂಡು, ಬಲಗೈಯ ನಡುಬೆರಳಿನ ಗೆಣ್ಣಿನಿಂದ ಅದರ ಹೊಟ್ಟೆಯನ್ನು ಒಂದು ಸಲ ತಟ್ಟಿದರು. ಮತ್ತೊಂದು ಸಲ ತಟ್ಟಿದರು. ಆಮೇಲೆ ನನ್ನ ಕಡೆ ತಿರುಗದೆ, ಹೂದಾನಿಯನ್ನೇ ನೋಡುತ್ತ ಮೆಲ್ಲಗೆ ಕೇಳಿದರು: "ಇದು ಕೂಗ್ತಾ ಇದ್ಯಾ?"

ಕೂಗುವುದು ಎಂಬುದು ಅವರ ಕಾರ್ಖಾನೆಯ ಮಾತು. ಯಶವಂತಪುರದ ಆಚೆ, ರೈಲು ಹಳಿಯ ಪಕ್ಕದಲ್ಲಿದ್ದ ಆ ಸಣ್ಣ ಕಾರ್ಖಾನೆಯಲ್ಲಿ ವಿದ್ಯುತ್ ಕಂಬಗಳಿಗೆ ಹಾಕುವ ಪಿಂಗಾಣಿ ಬಟ್ಟಲುಗಳನ್ನು ಮಾಡುತ್ತಿದ್ದರು. ಸುಟ್ಟು ಆರಿದ ಪ್ರತಿಯೊಂದನ್ನೂ ಮರದ ಸುತ್ತಿಗೆಯಿಂದ ತಟ್ಟಿ ನೋಡುವುದು ನನ್ನ ಗಂಡನ ಕೆಲಸ. ಒಳಗೆ ಬಿರುಕಿಲ್ಲದಿದ್ದರೆ ಅದು ಕಂಚಿನ ಬಟ್ಟಲಿನ ಹಾಗೆ ಉದ್ದಕ್ಕೆ ಕೂಗುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ, ಕಣ್ಣಿಗೆ ಏನೂ ಕಾಣದಿದ್ದರೂ, ದನಿ ಹುಟ್ಟಿದ ಜಾಗದಲ್ಲೇ ಸತ್ತುಹೋಗುತ್ತದೆ. ಸತ್ತದ್ದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಡ್ಡಗೀಟು, ಅದರ ಮೇಲೆ ಇನ್ನೊಂದು. ಅಲ್ಲಿಗೆ ಅದು ರಿಜೆಕ್ಟ್.

ಪರೀಕ್ಷೆಯ ಮೇಜಿಗೆ ಬರುವ ಮುಂಚೆ ಹನ್ನೊಂದು ವರ್ಷ ಅವರು ಕಲ್ಲು ಅರೆಯುವ ಶೆಡ್ಡಿನಲ್ಲಿದ್ದರು. ಆಳೆತ್ತರದ ಕಬ್ಬಿಣದ ಪೀಪಾಯಿಗಳಲ್ಲಿ ಉರುಟುಗಲ್ಲುಗಳು ದಿನವಿಡೀ ಉರುಳುವ ಜಾಗ. ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದರಂತೆ. ಅದು ಸಾಲಲಿಲ್ಲ. ಮಾತು ಅವರಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಬಸ್ಸು, ರೈಲು, ಬಾಗಿಲು ಬಡಿದದ್ದು ಎಲ್ಲ ಕೇಳುತ್ತಿತ್ತು. ಹೋದದ್ದು ಸಣ್ಣ ಚೂಪು ಸದ್ದುಗಳು. ಸೈಕಲ್ ಗಂಟೆ, ನನ್ನ ಬಳೆ, ಪಿಂಗಾಣಿಯ ಕೂಗು. ಕಾರ್ಖಾನೆಯಲ್ಲಿ ಅವರು ಬಟ್ಟಲನ್ನು ಎಡಗೈಯಲ್ಲಿ ಹಿಡಿದು, ಅಂಗೈಗೆ ಬರುವ ನಡುಕದಿಂದ ತಿಳಿದುಕೊಳ್ಳುತ್ತಿದ್ದರು. ಬಟ್ಟಲು ದಪ್ಪ, ಭಾರ; ಅದರಲ್ಲಿ ನಡುಕ ಸಿಗುತ್ತಿತ್ತು. ತೆಳುವಾದ ಹೂದಾನಿಯಲ್ಲಿ ಸಿಗುತ್ತಿರಲಿಲ್ಲ.

ನೀಲಿ ಹೂದಾನಿ ಕೂಗುತ್ತಿತ್ತು. ಹಾಗೆಂದು ಹೇಳಿದೆ. ನನಗೆ ಹೇಗೆ ಗೊತ್ತಾಯಿತು ಎಂದರೆ, ಸಂತೆಯಲ್ಲಿ ಮಡಕೆ ತಟ್ಟಿ ಕೊಳ್ಳುವುದನ್ನು ಅಮ್ಮ ಕಲಿಸಿದ್ದಳು. ತೆಂಗಿನಕಾಯಿಯನ್ನೂ ಹಾಗೆಯೇ. ಮಡಕೆಗೂ ಹೂದಾನಿಗೂ ದನಿ ಬೇರೆ, ಆದರೆ ಸತ್ತ ದನಿ ಎಲ್ಲದರಲ್ಲೂ ಒಂದೇ.

ಮನೆಗೆ ಬರುವ ಬಸ್ಸಿನಲ್ಲಿ ಹೂದಾನಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮೇಖ್ರಿ ಸರ್ಕಲ್ಲಿನ ಹತ್ತಿರ ಅವರು ಹೇಳಿದ್ದು ಇಷ್ಟೆ: "ಯಾರಿಗೂ ಹೇಳ್ಬೇಡ ಕಣೆ. ಮೇಜಿಂದ ಎತ್ತಾಕ್ಬಿಡ್ತಾರೆ."

ನಾನು ಹೇಳಲಿಲ್ಲ. ಅಂದಿನಿಂದ ಹೂದಾನಿಗಳ ಮಟ್ಟಿಗೆ ನಾನೇ ಅವರ ಕಿವಿ.

ಜನರೆದುರಿಗೆ ಪ್ರತಿ ಸಲ ಕೇಳುವಂತಿರಲಿಲ್ಲ. ಅದಕ್ಕೆ ನಾವೊಂದು ಗುರುತು ಮಾಡಿಕೊಂಡೆವು. ನಾನು ಯಾವಾಗಲೂ ಕೊಡೆ ಒಯ್ಯುತ್ತಿದ್ದೆ. ಅವರು ತಟ್ಟುತ್ತಾರೆ, ತಲೆ ಓರೆ ಮಾಡಿ ಕೇಳಿಸಿಕೊಂಡ ಹಾಗೆ ನಿಲ್ಲುತ್ತಾರೆ, ಆಮೇಲೆ ಸುಮ್ಮನೆ ನನ್ನ ಕಡೆ ಒಮ್ಮೆ ನೋಡುತ್ತಾರೆ. ಕೂಗಿದರೆ ನಾನು ಕೊಡೆಯನ್ನು ಎಡಗೈಯಿಂದ ಬಲಗೈಗೆ ಬದಲಿಸಬೇಕು. ಇಲ್ಲದಿದ್ದರೆ ಇದ್ದ ಕೈಯಲ್ಲೇ ಇರಬೇಕು. ಇದನ್ನು ಯಾರೂ ಎಂದೂ ಗಮನಿಸಲಿಲ್ಲ. ಹೆಂಗಸು ಕೊಡೆ ಯಾವ ಕೈಯಲ್ಲಿ ಹಿಡಿದಿದ್ದಾಳೆ ಎಂದು ಯಾರು ನೋಡುತ್ತಾರೆ?

ಅವರಿಗೆ ಈ ಹೂದಾನಿಗಳ ಹುಚ್ಚು ಯಾಕೆ ಹಿಡಿಯಿತು ಎಂದು ಬಹಳ ಜನ ಕೇಳಿದ್ದಾರೆ. ನಮ್ಮಂಥವರ ಮನೆಯಲ್ಲಿ ಅವು ಇರುವ ವಸ್ತುಗಳಲ್ಲ. ನಾನು ಬಲ್ಲ ಕಾರಣ ಒಂದೇ. ಅವರ ಕಾರ್ಖಾನೆಯಲ್ಲಿ ಎರಡೇ ಬಣ್ಣ: ಕಂದು, ಬಿಳಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಕಂದು, ಬಿಳಿ. ಆಗ ದಂಡಿನ ಕಡೆಯ ಎಷ್ಟೋ ಆಂಗ್ಲೋ-ಇಂಡಿಯನ್ ಮನೆತನಗಳು ಊರು ಬಿಟ್ಟು ಆಸ್ಟ್ರೇಲಿಯಾಕ್ಕೋ ಇಂಗ್ಲೆಂಡಿಗೋ ಹೋಗುತ್ತಿದ್ದವು. ಒಯ್ಯಲಾಗದ್ದೆಲ್ಲ ಹರಾಜಿಗೆ ಬರುತ್ತಿತ್ತು. ಆ ನೀಲಿಯದಕ್ಕೂ ಮುಂಚೆ, ಒಂದು ಮಂಚ ನೋಡಲು ಹೋದವರು ಮಂಚ ಬಿಟ್ಟು, ಅದರ ಪಕ್ಕದ ಸ್ಟೂಲಿನ ಮೇಲಿದ್ದ ಹೂದಾನಿಯ ಮುಂದೆ ನಿಂತುಬಿಟ್ಟರು. ಅದೇ ಮಣ್ಣು, ಅದೇ ಬೆಂಕಿ, ಅದೇ ಗಾಜಿನ ಲೇಪ. ಆದರೆ ಬಣ್ಣ ನವಿಲಿನ ಕತ್ತಿನದು. "ನಾವೂ ಒಲೆ ಉರಿಸ್ತೀವಿ, ಅವ್ರೂ ಉರಿಸವ್ರೆ" ಎಂದು ದಾರಿಯುದ್ದಕ್ಕೂ ಅದನ್ನೇ ಹೇಳುತ್ತ ಬಂದರು.

ಹೂದಾನಿಯನ್ನು ಮೊದಲು ಬುಡ ಮೇಲೆ ಮಾಡಿ ನೋಡಬೇಕು ಎಂಬುದನ್ನು ಅವರೇ ಕಂಡುಕೊಂಡರು. ಫುಟ್‌ಪಾತಿನಲ್ಲಿ ಸಿಕ್ಕಿದ, ರಟ್ಟಿಲ್ಲದ ಒಂದು ಇಂಗ್ಲಿಷ್ ಪುಸ್ತಕವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಎರಡು ವರ್ಷ ಓದಿದರು. ಬುಡದಲ್ಲಿ ಹಸಿ ಮಣ್ಣಿಗೆ ಒತ್ತಿದ ಮುದ್ರೆ ಇದ್ದರೆ ಯಾವ ಕಾರ್ಖಾನೆಯದು ಎಂದು ತಿಳಿಯುತ್ತದೆ. ಇಂಗ್ಲೆಂಡ್ ಎಂದು ದೇಶದ ಹೆಸರಿದ್ದರೆ ಒಂದು ಕಾಲದ್ದು. ಇಲ್ಲದಿದ್ದರೆ ಬಹುಶಃ ಇನ್ನೂ ಹಳೆಯದು. ಕೆಲವದರಲ್ಲಿ ಬಣ್ಣ ಬರೆದ ಹುಡುಗಿಯ ಹೆಸರಿನ ಎರಡಕ್ಷರ ಕುಂಚದಲ್ಲಿ ಇರುತ್ತಿತ್ತು. ಆ ಎರಡಕ್ಷರಗಳನ್ನು ಅವರು ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ಎಲ್ಲಿಯ ಹೆಂಗಸೋ, ಸತ್ತು ಎಷ್ಟು ಕಾಲವಾಯಿತೋ, ಅವಳು ಎಳೆದ ಗೀಟು ಎಲ್ಲಿ ನಡುಗಿದೆ ಎಂದು ನನಗೆ ತೋರಿಸುತ್ತಿದ್ದರು.

ಮೊದಲು ಯಶವಂತಪುರದ ವಠಾರದಲ್ಲಿದ್ದೆವು. ಆಮೇಲೆ ಆರ್.ಟಿ. ನಗರದಲ್ಲಿ ಎರಡು ಕೋಣೆಯ ಮನೆ ಆಯಿತು. ಪಿಂಗಾಣಿ ಪ್ಯಾಕ್ ಮಾಡುವ ಪೆಟ್ಟಿಗೆಯ ಹಲಗೆಗಳನ್ನು ತಂದು, ಅವರೇ ಹತ್ತರಿ ಹೊಡೆದು, ಮುಂದಿನ ಕೋಣೆಯ ಗೋಡೆಗೆ ಅಟ್ಟಣಿಗೆ ಹಾಕಿದರು. ಎಂಟು ಒಂಬತ್ತು ವರ್ಷಗಳಲ್ಲಿ ಅದರ ಮೇಲೆ ಮೂವತ್ತು ಹೂದಾನಿಗಳು ಬಂದು ಕೂತವು. ಒಂದರಲ್ಲೂ ಹೂವಿರಲಿಲ್ಲ. ನಲ್ಲಿಯಲ್ಲಿ ನೀರು ಬಾರದ ದಿನಗಳಲ್ಲಿ ನನ್ನ ನಾದಿನಿ ಬಂದರೆ, "ಮನೆ ತುಂಬ ಹೂಜಿ, ಕುಡಿಯೋಕೆ ನೀರಿಲ್ಲ, ಚೆನ್ನಾಗಿದೆ ಕಣ್ರೀ ನಿಮ್ಮ ಸಂಸಾರ" ಎನ್ನುತ್ತಿದ್ದಳು. ನಮಗೆ ಮಕ್ಕಳಿರಲಿಲ್ಲ. ಅದನ್ನು ಸೇರಿಸಿ ಹೇಳುವಷ್ಟು ಕೆಟ್ಟವಳಲ್ಲ ಅವಳು.

ಆ ಮೂವತ್ತರಲ್ಲಿ ಪ್ರತಿಯೊಂದರ ದನಿಯನ್ನೂ ನಾನು ಕೇಳಿದ್ದೆ; ನೀಲಿಯದರ ನಂತರ ಬಂದವಕ್ಕೆಲ್ಲ ಕೊಡೆ ಬದಲಿಸಿದ್ದೆ. ಪ್ರತಿಯೊಂದೂ ಕೂಗುತ್ತಿತ್ತು. ಇದನ್ನು ನಾನು ಈಗಲೂ ಯಾರ ಎದುರಿಗೆ ಬೇಕಾದರೂ ಹೇಳಬಲ್ಲೆ. ಕೂಗದವು ಎಷ್ಟು ಚಂದವಿದ್ದರೂ ಬಿಟ್ಟು ಬಂದಿದ್ದೇವೆ.

ಅವರಿಗೆ ಇಲ್ಲದಿದ್ದದ್ದು ಕೆಂಪು. ತಾಮ್ರದಿಂದ ಬರುವ ಕೆಂಪು. ಅದಕ್ಕೆ ಒಲೆಯ ಉಸಿರು ಕಟ್ಟಿಸಬೇಕು ಎಂದು ಅವರು ವಿವರಿಸುತ್ತಿದ್ದರು: ಗಾಳಿ ಹೋಗುವ ಕಿಂಡಿ ಮುಚ್ಚಿ, ಬೆಂಕಿ ಗಾಳಿಗಾಗಿ ಒದ್ದಾಡುವ ಹಾಗೆ ಮಾಡಬೇಕು, ಆಗ ಅದು ಲೇಪದೊಳಗಿನ ಗಾಳಿಯನ್ನು ಹೀರುತ್ತದೆ, ಹಸಿರಾಗಬೇಕಾದ ತಾಮ್ರ ಕೆಂಪಾಗುತ್ತದೆ. ಸ್ವಲ್ಪ ಹೆಚ್ಚಾದರೆ ಕಪ್ಪು, ಕಡಿಮೆಯಾದರೆ ಬೂದಿ. ಹತ್ತು ಇಟ್ಟರೆ ಒಂದು ಸರಿಯಾಗಿ ಬಂದರೆ ಪುಣ್ಯ. ಪುಸ್ತಕದಲ್ಲಿ ಅದರ ಚಿತ್ರ ಕಪ್ಪು ಬಿಳುಪಿನಲ್ಲಿತ್ತು. ಕೆಂಪನ್ನು ಅವರು ಊಹಿಸಿಕೊಂಡೇ ಎಂಟು ವರ್ಷ ಕಾದಿದ್ದರು.

ನಮ್ಮ ಬೀದಿಯ ಹಿಂದಿನ ಬೀದಿಯಲ್ಲಿ ಹಳೇ ಸಾಮಾನು ಕೊಂಡು ಮಾರುವ ಸಾಬರೊಬ್ಬರಿದ್ದರು. ನನ್ನ ಗಂಡನಿಗಿಂತ ಹತ್ತು ವರ್ಷ ದೊಡ್ಡವರು. ಮನೆಯಲ್ಲಿ ದಖನಿ, ನಮ್ಮ ಜೊತೆ ಕನ್ನಡ. ಯಾವ ಬಂಗಲೆ ಖಾಲಿಯಾಗುತ್ತಿದೆ ಎಂದು ಅವರಿಗೆ ಮೊದಲು ಗೊತ್ತಾಗುತ್ತಿತ್ತು. ಅವರು ಕೊಳ್ಳುವ ಪಿಂಗಾಣಿಯನ್ನು ನನ್ನ ಗಂಡನಿಂದ ತಟ್ಟಿಸಿಯೇ ಕೊಳ್ಳುತ್ತಿದ್ದರು. "ಕಣ್ಣು ಯಾರಿಗ್ ಬೇಕಾದ್ರೂ ಇರ್ತದೆ ಸಾಬ್, ಕಿವಿ ನಿಮ್ದು" ಎಂದು ಅವರು ಹೇಳುವಾಗ ನಾನು ಕೊಡೆ ಹಿಡಿದುಕೊಂಡು ನೆಲ ನೋಡುತ್ತಿದ್ದೆ. ನನ್ನ ಗಂಡನಿಗೆ ಆ ಮಾತು ಎಷ್ಟು ಇಷ್ಟ ಎಂದು ನನಗೆ ಗೊತ್ತಿತ್ತು.

ಈಗ ಕಾರ್ಖಾನೆಯಲ್ಲಿ ನಡೆದದ್ದನ್ನು ಹೇಳಬೇಕು. ಎಂಬತ್ತರ ದಶಕ ಶುರುವಾಗಿ ಎರಡು ಮೂರು ವರ್ಷವಾಗಿರಬಹುದು. ಅವರು ತಟ್ಟಿ ಪಾಸ್ ಮಾಡಿದ ಬಟ್ಟಲುಗಳಲ್ಲಿ ಒಂದು ಬಿರುಕು ಬಿಟ್ಟದ್ದು ಎಂದು ಮೇಲಿನವರಿಗೆ ಗೊತ್ತಾಯಿತು. ಒಂದೇ ಒಂದು. ಅಂಗೈಗೂ ಆ ನಡುಕ ಸಿಗದೆ ಹೋಗಿತ್ತು. ಅಲ್ಲಿ ಒಂದು ಕಟ್ಟಳೆ ಇತ್ತು: ತಟ್ಟುವವನ ಮೇಲೆ ಅನುಮಾನ ಬಂದರೆ, ಅವನು ಪಾಸ್ ಮಾಡಿದ ಇಡೀ ಲಾಟ್ ರಿಜೆಕ್ಟ್. ಒಂದೊಂದನ್ನೇ ಮತ್ತೆ ನೋಡುವ ಮಾತಿಲ್ಲ. ಅವರ ಕೈಯಿಂದ ಆ ವಾರ ಹೊರಬಿದ್ದ ಬಟ್ಟಲುಗಳನ್ನೆಲ್ಲ ಅವರ ಎದುರಿಗೇ ಅಂಗಳದಲ್ಲಿ ಹಾಕಿ ಒಡೆದರು. ಕಟ್ಟಳೆ ಸರಿಯಾದದ್ದೇ ಎಂದು ಅವರೇ ನನಗೆ ಹೇಳಿದರು. ಕಂಬದ ಮೇಲೆ ಹತ್ತುವವನ ಜೀವದ ಪ್ರಶ್ನೆ ಅದು. ಮಾರನೇ ದಿನದಿಂದ ಅವರನ್ನು ಉಗ್ರಾಣಕ್ಕೆ ಹಾಕಿದರು. ಮೇಜಿಗೆ ಅವರ ಕೈಕೆಳಗೇ ಕಲಿತ ಒಬ್ಬರು ಬಂದರು.

ಅದಾಗಿ ಎರಡು ವಾರಕ್ಕೆ ಸಾಬರು ಬಾಗಿಲಲ್ಲಿ ನಿಂತಿದ್ದರು. ಹೆಬ್ಬಾಳದ ಕೆರೆ ದಾಟಿ, ಯಲಹಂಕದ ದಾರಿಯಲ್ಲಿ, ದ್ರಾಕ್ಷಿ ತೋಟದ ನಡುವೆ ಒಂದು ಬಂಗಲೆ ಖಾಲಿಯಾಗುತ್ತಿದೆ, ಮುದುಕಿಯೊಬ್ಬರು ಆಸ್ಟ್ರೇಲಿಯಾದಲ್ಲಿರುವ ತಂಗಿಯ ಹತ್ತಿರ ಹೋಗುತ್ತಿದ್ದಾರೆ ಎಂದರು. ಆಮೇಲೆ ಸ್ವಲ್ಪ ತಡೆದು, "ಕೆಂಪುದು ಐತೆ ಸಾಬ್. ನೀವು ಹೇಳ್ತಾ ಇದ್ರಲ್ಲ, ಅದೇ" ಎಂದರು. ಉಗ್ರಾಣಕ್ಕೆ ಹೋದ ಮೇಲೆ ಮೊದಲ ಸಲ ಅಂದು ನನ್ನ ಗಂಡ ಎದ್ದು ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡರು.

ಬಂಗಲೆಯ ಜಗಲಿಯಲ್ಲಿ ಸಾಮಾನುಗಳನ್ನು ಸಾಲಾಗಿ ಇಟ್ಟಿದ್ದರು. ಮುದುಕಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಕೊಳ್ಳುವವರು ಇನ್ನೂ ಇಬ್ಬರು ಬಂದಿದ್ದರು. ಅವರಲ್ಲಿ ಸಫಾರಿ ತೊಟ್ಟ ಒಬ್ಬಾತನ ಕೈಯಲ್ಲಿ ಆಗಲೇ ಒಂದು ಹಸಿರು ಹೂದಾನಿ ಇತ್ತು. ಸಾಬರು ನಮ್ಮನ್ನು ತೋರಿಸಿ, ಇವರು ಪಿಂಗಾಣಿ ಡಾಕ್ಟರು, ಎದೆ ತಟ್ಟಿ ಕಾಯಿಲೆ ಹೇಳುತ್ತಾರೆ ಎಂದು ಪರಿಚಯ ಮಾಡಿಸಿದರು. ಸಫಾರಿಯವನು ನಕ್ಕು, "ಹಾಗಾದ್ರೆ ನಮ್ ಪೇಷಂಟನ್ನೂ ಒಂದ್ ನೋಡಿ ಸಾರ್" ಎಂದು ಹಸಿರು ಹೂದಾನಿಯನ್ನು ಕೊಟ್ಟ. ನನ್ನ ಗಂಡ ತಟ್ಟಿದರು. ಅದು ಸತ್ತಿತ್ತು. ನನ್ನ ಕೊಡೆ ಅಲುಗಲಿಲ್ಲ. ಅವರು ಅದನ್ನು ಮೆತ್ತಗೆ ಕೆಳಗಿಟ್ಟು ಬೇಡ ಎಂದು ತಲೆಯಾಡಿಸಿದರು. ಆತ ಮರುಮಾತಿಲ್ಲದೆ ಅದನ್ನು ಬಿಟ್ಟ. ನನ್ನ ಗಂಡನ ಬೆನ್ನು ಸ್ವಲ್ಪ ನೆಟ್ಟಗಾದದ್ದನ್ನು ನಾನು ಹಿಂದಿನಿಂದ ನೋಡಿದೆ.

ಆಮೇಲೆ ಅವರು ಕೆಂಪು ಹೂದಾನಿಯ ಹತ್ತಿರ ಹೋದರು.

ಅದು ಮೊಳದುದ್ದವಿತ್ತು. ಭುಜ ಅಗಲ, ಕತ್ತು ಸಣ್ಣದು. ಕೆಂಪು ಎಂದರೆ ಕುಂಕುಮವಲ್ಲ, ದಾಸವಾಳವೂ ಅಲ್ಲ. ಕೆಳಗಿನಿಂದ ಮೇಲೆ ಬರುತ್ತ ತಿಳಿಯಾಗಿ, ಭುಜದ ಹತ್ತಿರ ನೇರಳೆಯ ಗೆರೆಗಳಾಗಿ ಇಳಿದು, ಬಾಯಿಯ ಅಂಚಿನಲ್ಲಿ ಲೇಪ ತೆಳುವಾಗಿ ಬೆಳ್ಳಗಾಗಿತ್ತು. ಅವರು ಬಹಳ ಹೊತ್ತು ಮುಟ್ಟಲಿಲ್ಲ. ಬುಡ ಮೇಲೆ ಮಾಡಿ ನೋಡಿದರು. ಮುದ್ರೆ ಇತ್ತು, ದೇಶದ ಹೆಸರಿರಲಿಲ್ಲ. ಬಾಯಿಯ ಸುತ್ತ ಬೆರಳಾಡಿಸಿದರು. ಕೊನೆಗೆ ಅಂಗೈ ಮೇಲೆ ಕೂರಿಸಿಕೊಂಡು ತಟ್ಟಿದರು.

ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಗಾಳಿ ಇರಲಿಲ್ಲ. ಯಾರೂ ಮಾತಾಡುತ್ತಿರಲಿಲ್ಲ. ಸದ್ದು ಚಿಕ್ಕದು, ಹೆಂಚಿನ ಮೇಲೆ ಕಡಲೆಕಾಯಿ ಬಿದ್ದ ಹಾಗೆ. ಅದರ ಹಿಂದೆ ಏನೂ ಬರಲಿಲ್ಲ. ಅವರು ಇನ್ನೊಮ್ಮೆ ತಟ್ಟಿದರು. ಅದೇ. ನನಗೆ ಅನುಮಾನವಿರಲಿಲ್ಲ.

ಅವರು ನನ್ನ ಕಡೆ ನೋಡಿದರು. ಮುಖ ಆಗಲೇ ನಗುತ್ತಿತ್ತು. ಅವರಿಗೆ ಅದು ಕೂಗಿತ್ತು. ಕಿವಿಗಲ್ಲ, ಎಲ್ಲೋ ಒಳಗೆ. ನನ್ನ ಒಪ್ಪಿಗೆ ಒಂದು ಶಾಸ್ತ್ರಕ್ಕೆ ಮಾತ್ರ ಬೇಕಾಗಿತ್ತು. ಎರಡು ವಾರದಿಂದ ಆ ಮುಖ ನಗುವುದನ್ನು ನಾನು ನೋಡಿರಲಿಲ್ಲ. ನಾನು ಕೊಡೆಯನ್ನು ಬಲಗೈಗೆ ತೆಗೆದುಕೊಂಡೆ.

ಕೈ ತಾನಾಗಿ ಹೋಯಿತು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವಲ್ಲ. ಒಂದು ಉಸಿರಿನಷ್ಟು ಹೊತ್ತು ಇತ್ತು. ಅಷ್ಟರಲ್ಲಿ ನಾನು ಯೋಚಿಸಿದೆ. ಇದು ಕಂಬದ ಮೇಲಿಡುವ ಬಟ್ಟಲಲ್ಲ, ಇದರಿಂದ ಯಾರೂ ಸಾಯುವುದಿಲ್ಲ ಎಂದು ಯೋಚಿಸಿದೆ. ಅವರು ಇದನ್ನು ನೋಡಿಕೊಂಡಿರುತ್ತಾರೆ ಅಷ್ಟೇ ತಾನೆ ಎಂದುಕೊಂಡೆ. ಯೋಚಿಸಿಯೇ ಬದಲಿಸಿದೆ.

ಮನೆಯಲ್ಲಿ ಅದಕ್ಕೆ ಬೇರೆಯೇ ಜಾಗ ಮಾಡಿದರು. ಅಟ್ಟಣಿಗೆಯ ಮೇಲಲ್ಲ, ಕಿಟಕಿಯ ಪಕ್ಕ, ಬೆಳಗಿನ ಬಿಸಿಲು ಬೀಳುವಲ್ಲಿ, ಒಂದು ಸ್ಟೂಲು. ಕಾಫಿ ಲೋಟ ಹಿಡಿದು ಅದರ ಎದುರು ಕೂರುತ್ತಿದ್ದರು. ಉಗ್ರಾಣದ ಕೆಲಸದ ಬಗ್ಗೆ ಗೊಣಗುವುದು ನಿಂತಿತು. ನಾನು ಮಾಡಿದ್ದು ತಪ್ಪಲ್ಲವೇನೋ ಎಂದು ಮೊದಲ ಒಂದೆರಡು ವಾರ ಅನ್ನಿಸಿದ್ದೂ ನಿಜ.

ಆದರೆ ಅವರು ಅದನ್ನು ಆಗಾಗ ತಟ್ಟುತ್ತಿದ್ದರು. ತಟ್ಟಿ, ನಾನು ಎಲ್ಲಿದ್ದರೂ ನನ್ನ ಕಡೆ ತಿರುಗುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಿನಿಂದ ಹೌದೆಂದು ತಲೆ ಹಾಕುತ್ತಿದ್ದೆ. ನಾನು ಒಂದೇ ಒಂದು ಸುಳ್ಳು ಹೇಳುತ್ತೇನೆ ಎಂದುಕೊಂಡಿದ್ದೆ. ಅದನ್ನು ವಾರಕ್ಕೆ ಮೂರು ನಾಲ್ಕು ಸಲ ಹೇಳಬೇಕಾಯಿತು. ಅವರು ಇಲ್ಲದ ಹೊತ್ತಿನಲ್ಲಿ ಟಾರ್ಚು ಹಿಡಿದು ಅದರ ಒಳಗೆ ಹೊರಗೆ ಹುಡುಕಿದೆ. ಬಿರುಕು ಕಣ್ಣಿಗೆ ಸಿಗಲಿಲ್ಲ. ಬಣ್ಣದ ಹರಿವಿನಲ್ಲಿ ಎಲ್ಲೋ ಮುಚ್ಚಿಹೋಗಿತ್ತು. ಮನೆಗೆ ಬಂದವರು ಕಿಟಕಿಯ ಕಡೆ ಹೋದರೆ ನಾನು ಮಾತಿಗೆಳೆದು ಈಚೆ ಕೂರಿಸುತ್ತಿದ್ದೆ. ಅದನ್ನು ಒರೆಸುವಾಗ ಬಳೆಗಳನ್ನು ಮೊಣಕೈಯವರೆಗೆ ಏರಿಸಿಕೊಳ್ಳುತ್ತಿದ್ದೆ, ತಗಲಿ ಸದ್ದಾಗದಿರಲಿ ಎಂದು. ಆ ಸದ್ದು ಕೇಳಬಾರದಾಗಿದ್ದದ್ದು ನನಗೆ. ಅವರಿಗೆ ಹೇಗೂ ಕೇಳುತ್ತಿರಲಿಲ್ಲ.

ಆ ವರ್ಷ ಆಯುಧಪೂಜೆಗೆ ಅವರು ಕಾರ್ಖಾನೆಗೆ ಹೋಗಲಿಲ್ಲ. ಪ್ರತಿ ವರ್ಷ ಪರೀಕ್ಷೆಯ ಮೇಜಿನ ಸುತ್ತಿಗೆಗಳಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದವರು ಅವರೇ. ಉಗ್ರಾಣದಲ್ಲಿ ಏನಕ್ಕೆ ಹಚ್ಚಲಿ, ಬೀಗಕ್ಕಾ ಎಂದು ಮನೆಯಲ್ಲೇ ಉಳಿದರು. ಸಂಜೆ, ಈಗ ಆ ಮೇಜಿನಲ್ಲಿರುವವರು ನಮ್ಮ ಮನೆ ಹುಡುಕಿಕೊಂಡು ಬಂದರು. ಕೈಯಲ್ಲಿ ಕಡಲೆಪುರಿ, ಸಿಹಿ, ಬೂದುಗುಂಬಳದ ಪೂಜೆಯ ಕುಂಕುಮ. ನಲವತ್ತು ದಾಟಿದ ಮನುಷ್ಯ, ಮೆದು ಮಾತು. ಗುರುಗಳಿಲ್ಲದೆ ಪೂಜೆ ಸಪ್ಪೆಯಾಯಿತು ಎಂದರು. ನನ್ನ ಗಂಡನಿಗೆ ಬಹಳ ಸಂತೋಷವಾಯಿತು. ಅಟ್ಟಣಿಗೆ ತೋರಿಸಿದರು. ಪ್ರತಿಯೊಂದರ ಬುಡವನ್ನೂ ತೋರಿಸಿದರು. ನಾನು ಕಾಫಿ ತರಲು ಒಳಗೆ ಹೋದೆ. ಹೋಗಬಾರದಿತ್ತು.

ಲೋಟಗಳನ್ನು ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಅವರಿಬ್ಬರೂ ಕಿಟಕಿಯ ಹತ್ತಿರವಿದ್ದರು. ಕೆಂಪು ಹೂದಾನಿ ಅತಿಥಿಯ ಕೈಯಲ್ಲಿತ್ತು. ಆತ ಬೇಕೆಂದು ಮಾಡಲಿಲ್ಲ. ದಿನಕ್ಕೆ ನೂರಾರು ಬಟ್ಟಲು ತಟ್ಟುವ ಬೆರಳು ಪಿಂಗಾಣಿ ಸಿಕ್ಕಿದರೆ ಸುಮ್ಮನಿರುವುದಿಲ್ಲ. ತಟ್ಟಿದರು. ಕಡಲೆಕಾಯಿ ಹೆಂಚಿನ ಮೇಲೆ ಬಿತ್ತು.

ನನ್ನ ಗಂಡ ನೋಡುತ್ತಿದ್ದದ್ದು ಹೂದಾನಿಯನ್ನಲ್ಲ, ಅತಿಥಿಯ ಮುಖವನ್ನು. ಆ ಮುಖದಲ್ಲಿ ಬಂದದ್ದು ಏನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸತ್ತ ಪಿಂಗಾಣಿ ಕೈಗೆ ಸಿಕ್ಕಾಗ ಹುಬ್ಬು ಹೇಗೆ ಒಂದು ಎಳೆ ಕೆಳಗಿಳಿಯುತ್ತದೆ ಎಂಬುದನ್ನು ಆ ಮನುಷ್ಯ ಕಲಿತದ್ದೇ ಅವರನ್ನು ನೋಡಿ.

"ಹೇಗಿದೆ?" ಎಂದು ನನ್ನ ಗಂಡ ಕೇಳಿದರು.

ಅತಿಥಿ ಹೂದಾನಿಯನ್ನು ಸ್ಟೂಲಿನ ಮೇಲೆ ಎರಡೂ ಕೈಯಲ್ಲಿ ಇಟ್ಟರು. ನನ್ನ ಕೈಯಿಂದ ಲೋಟ ತೆಗೆದುಕೊಂಡರು. ಲೋಟದೊಳಗೆ ನೋಡುತ್ತ, "ಚೆನ್ನಾಗಿದೆ ಸಾರ್. ಚೆನ್ನಾಗೇ ಕೂಗ್ತದೆ" ಎಂದರು.

ನನ್ನ ಗಂಡ ಹೌದು ಹೌದು ಎಂದರು. ಕಾಫಿ ಕುಡಿಸಿ, ತಾಂಬೂಲ ಕೊಡಿಸಿ, ಗೇಟಿನವರೆಗೆ ಹೋಗಿ ಕಳಿಸಿ ಬಂದರು. ಬಂದು ಚಪ್ಪಲಿ ಬಿಟ್ಟು, ಕೋಣೆಯ ನಡುವೆ ನಿಂತರು. ಬೈಯುತ್ತಾರೆ ಎಂದು ಕಾದೆ. ಅವರು ಕೆಂಪು ಹೂದಾನಿಯ ಕಡೆ ನೋಡಲೂ ಇಲ್ಲ. ಅಟ್ಟಣಿಗೆಯ ಕಡೆ ನೋಡುತ್ತಿದ್ದರು.

"ಇದ್ರಲ್ಲಿ ಇನ್ನೆಷ್ಟು?" ಎಂದು ಕೇಳಿದರು.

"ಒಂದೂ ಇಲ್ಲ ಕಣ್ರೀ. ಅದೊಂದೇ. ದೇವರಾಣೆ, ಅದೊಂದೇ" ಎಂದೆ.

ಅವರಿಗೆ ಕೇಳಿಸಿತು. ನಾನು ಜೋರಾಗಿಯೇ ಹೇಳಿದ್ದೆ. ಅವರು ತಲೆಯಾಡಿಸಿದರು, ಪರೀಕ್ಷೆಯ ಮೇಜಿನ ಎದುರು ಯಾರೋ ಏನೋ ವಿವರಣೆ ಕೊಟ್ಟಾಗ ಆಡಿಸುವ ಹಾಗೆ. ನಾನು ಯಾಕೆ ಹಾಗೆ ಮಾಡಿದೆ ಎಂದು ಹೇಳಲು ಶುರುಮಾಡಿದೆ. ಅವರ ಮುಖ, ಆ ಎರಡು ವಾರ, ಆ ಸಫಾರಿಯವನು, ಎಲ್ಲ. ಅವರು ಕೇಳಿಸಿಕೊಂಡರು. ನನ್ನ ಮೇಲೆ ಸಿಟ್ಟಿರಲಿಲ್ಲ. "ಗೊತ್ತು, ಗೊತ್ತು" ಎಂದರು. ಹೆಗಲ ಮೇಲೆ ಕೈಯಿಟ್ಟರು. ಅಷ್ಟೇ.

ಮಾರನೇ ದಿನ ರಜೆ. ಬೆಳಿಗ್ಗೆ ಎದ್ದು ನೋಡಿದರೆ ಮೂವತ್ತು ಹೂದಾನಿಗಳೂ ಕೆಳಗೆ, ಚಾಪೆಯ ಮೇಲೆ ಇದ್ದವು. ಅವರು ಒಂದೊಂದನ್ನೇ ಎತ್ತಿ ಹಲ್ಲುಗಳ ನಡುವೆ ಬಾಯಿಯಂಚನ್ನು ಕಚ್ಚಿ ಹಿಡಿದು ಬೆರಳಿನಿಂದ ತಟ್ಟುತ್ತಿದ್ದರು. ಮೂಳೆಯ ಮೂಲಕವಾದರೂ ಕೇಳೀತೇ ಎಂದು. ಅದನ್ನು ನೋಡಿ ನನಗೆ ನಿಲ್ಲಲಾಗಲಿಲ್ಲ. ಹತ್ತಿರ ಹೋಗಿ, ನಾನು ಹೇಳುತ್ತೇನೆ, ಒಂದೊಂದನ್ನೇ ಮತ್ತೆ ಹೇಳುತ್ತೇನೆ ಎಂದೆ. ಬೇಡ ಎನ್ನಲಿಲ್ಲ. ಅವರು ತಟ್ಟಿದರು, ನಾನು ಕೂಗುತ್ತೆ ಎಂದೆ. ತಟ್ಟಿದರು, ಕೂಗುತ್ತೆ ಎಂದೆ. ನಾಲ್ಕನೆಯದಕ್ಕೆ ನಿಲ್ಲಿಸಿದರು. ಪ್ರತಿ ಸಲವೂ ಕೂಗುತ್ತೆ ಎಂದೇ ಹೇಳಬೇಕಾಗಿದ್ದ ನಾನು ಬೇರೆ ಇನ್ನೇನು ಹೇಳಲಿ? ಒಂದನ್ನಾದರೂ ಸತ್ತಿದೆ ಎಂದಿದ್ದರೆ ಉಳಿದವನ್ನು ನಂಬುತ್ತಿದ್ದರೋ ಏನೋ. ಹಾಗೆ ಹೇಳಲು ಇನ್ನೊಂದು ಸುಳ್ಳು ಬೇಕಾಗಿತ್ತು.

ಸಾಬರನ್ನು ಕೇಳಬಹುದು ಅನ್ನಿಸಿತು. ನಾನೇ ಹೋಗಿ ಕರೆದುಕೊಂಡು ಬಂದೆ. ಅವರು ಚಾಪೆಯ ಅಂಚಿನಲ್ಲಿ ಕೂತು, ತಾವೇ ತಟ್ಟಿ, ಎಲ್ಲ ಚೊಕ್ಕವಾಗಿದೆ ಸಾಬ್ ಎಂದರು. ನನ್ನ ಗಂಡ ಅವರ ಮುಖವನ್ನು ಬಹಳ ಹೊತ್ತು ನೋಡಿದರು. ಅದು ಸ್ನೇಹದ ಮುಖ. ಹಿಂದಿನ ಸಂಜೆ ಲೋಟದೊಳಗೆ ನೋಡಿದ್ದೂ ಸ್ನೇಹದ ಮುಖವೇ. ಇವರಿಗೆ ಯಾವುದನ್ನು ನಂಬಬೇಕು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಆ ದಾರಿ ನಾನಾಗಿದ್ದೆ.

ಅವರು ಒಳಗೆ ಹೋಗಿ ಸೀಮೆಸುಣ್ಣ ತಂದರು. ಒಂದೊಂದನ್ನೇ ಬುಡ ಮೇಲೆ ಮಾಡಿ, ಮುದ್ರೆಯ ಮೇಲೆ, ಆ ಹುಡುಗಿಯರ ಎರಡಕ್ಷರಗಳ ಮೇಲೆ, ಒಂದು ಅಡ್ಡಗೀಟು, ಇನ್ನೊಂದು ಅಡ್ಡಗೀಟು ಹಾಕಿದರು. ಮೂವತ್ತಕ್ಕೂ. ಅವಸರವಿರಲಿಲ್ಲ, ಒತ್ತಿ ಹಾಕಲೂ ಇಲ್ಲ. ಕಾರ್ಖಾನೆಯಲ್ಲಿ ಹೇಗೆ ಹಾಕುತ್ತಿದ್ದರೋ ಹಾಗೆ. ಇವನ್ನು ಒಯ್ದು ಮಾರಿ, ಕೊಳ್ಳುವವರಿಗೆ ಅನುಮಾನದ ಮಾಲು ಎಂದು ಹೇಳಿಯೇ ಮಾರಬೇಕು ಎಂದು ಸಾಬರಿಗೆ ಹೇಳಿದರು. ಸಾಬರು ನನ್ನ ಕಡೆ ನೋಡಿದರು. ಅವರು ವಾದ ಮಾಡಿದರು, ಒಂದಕ್ಕಾಗಿ ಮೂವತ್ತನ್ನು ಯಾರಾದರೂ ಹೊರಗೆ ಹಾಕುತ್ತಾರೆಯೇ ಎಂದರು. ನನ್ನ ಗಂಡನ ಹತ್ತಿರ ಅದಕ್ಕೆ ಉತ್ತರವಿತ್ತು, ಆದರೆ ಅದನ್ನು ನನ್ನ ಎದುರಿಗೆ ಹೇಳಲಿಲ್ಲ. ಎರಡು ದಿನ ಬಿಟ್ಟು ಗಾಡಿ ಬಂತು. ನಾವಿಬ್ಬರೇ ಕೂತು ಹುಲ್ಲಿನಲ್ಲಿ ಸುತ್ತಿ ಕಟ್ಟಿದೆವು. ಕಟ್ಟುವಾಗ ನವಿಲುಬಣ್ಣದ್ದೊಂದು ನನ್ನ ಬಳೆಗೆ ತಗಲಿ ಉದ್ದಕ್ಕೆ ಕೂಗಿತು. ನಾನು ತಲೆಯೆತ್ತಿ ಅವರನ್ನು ನೋಡಿದೆ. ಅವರು ಹುಲ್ಲು ತಿರುಚುತ್ತಿದ್ದರು.

ಕೆಂಪನ್ನು ಅವರು ಕಳಿಸಲಿಲ್ಲ. ಅದೊಂದರ ವಿಷಯದಲ್ಲಿ ಮಾತ್ರ ಅವರಿಗೆ ಸತ್ಯ ಗೊತ್ತಿತ್ತು.

ಆಮೇಲೆ ನಾವು ಜಗಳವಾಡಿದವರಲ್ಲ. ನನ್ನ ಕೈಯ ಅಡುಗೆ ಉಂಡರು, ಸಂತೆಯಿಂದ ಬರುವಾಗ ಚೀಲ ತಾವೇ ಹಿಡಿದರು, ನನಗೆ ಜ್ವರ ಬಂದಾಗ ರಾತ್ರಿಯೆಲ್ಲ ಒದ್ದೆ ಬಟ್ಟೆ ಹಾಕಿದರು. ಆದರೆ ಕೇಳುವುದನ್ನು ನಿಲ್ಲಿಸಿದರು. ಕುಕ್ಕರ್ ಕೂಗಿತಾ ಎಂದು ನನ್ನನ್ನು ಕೇಳುತ್ತಿದ್ದವರು, ಈಗ ತಾವೇ ಹೋಗಿ ಹಬೆಗೆ ಅಂಗೈ ಹಿಡಿದು ನೋಡುತ್ತಿದ್ದರು. ಬಾಗಿಲಲ್ಲಿ ಯಾರೋ ಕರೆಯುತ್ತಿದ್ದಾರೆ ಎಂದರೆ, ಹೌದಾ ಎಂದು ಎದ್ದು, ಕಿಟಕಿಯಿಂದ ಒಮ್ಮೆ ನೋಡಿಕೊಂಡೇ ಬಾಗಿಲು ತೆಗೆಯುತ್ತಿದ್ದರು. ನೋಯಿಸಬೇಕೆಂದು ಮಾಡಿದ್ದಲ್ಲ. ಅವರಿಗೆ ಅದು ಅಭ್ಯಾಸವಾಗಿತ್ತು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಮಾತೂ ಸರಿಯಾಗಿ ಕೇಳಿಸದಂತಾಗಿತ್ತು. ಆಗ ಒಂದು ದಿನ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ಕೂತರು. ಗಂಗಾನಗರದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಇ.ಸಿ.ಜಿ. ಪಟ್ಟಿ ನೋಡಿ, ನನಗೆ ಎಲ್ಲ ವಿವರಿಸಿದರು. ಹೃದಯದ ಬಡಿತ ತಪ್ಪುತ್ತಿದೆ, ಮಾತ್ರೆ ಒಂದು ದಿನವೂ ತಪ್ಪಬಾರದು, ಭಾರ ಎತ್ತಬಾರದು, ಹುಷಾರಾಗಿದ್ದರೆ ಹೆದರಬೇಕಾದ್ದಿಲ್ಲ. ನಾನು ಅವರ ಕಿವಿಯ ಹತ್ತಿರ ಬಾಗಿ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದೆ. ಏನನ್ನೂ ಕೂಡಿಸಲಿಲ್ಲ, ಕಳೆಯಲಿಲ್ಲ. ಹೆದರಬೇಕಾದ್ದಿಲ್ಲ ಎಂಬುದನ್ನು ಎರಡು ಸಲ ಹೇಳಿದೆ. ಆಗ ಅವರು ನನ್ನ ಮುಖ ನೋಡಿದರು.

ಮೇಜಿನ ಮೇಲಿದ್ದ ಚೀಟಿಗಳ ಕಟ್ಟನ್ನು ಡಾಕ್ಟರ ಕಡೆ ಸರಿಸಿ, "ಒಸಿ ಬರ್ದುಕೊಡಿ ಡಾಕ್ಟ್ರೇ" ಎಂದರು.

ಡಾಕ್ಟರಿಗೆ ಅರ್ಥವಾಗಲಿಲ್ಲ. ಅಮ್ಮ ಎಲ್ಲ ಸರಿಯಾಗಿಯೇ ಹೇಳಿದರಲ್ಲ ಎಂದು ಗಟ್ಟಿಯಾಗಿ ಹೇಳಿದರು.

"ಇರ್ಲಿ. ನಿಮ್ ಕೈಲೇ ಬರ್ದುಕೊಡಿ."

ಡಾಕ್ಟರು ಬರೆದರು. ನನ್ನ ಗಂಡ ಕನ್ನಡಕ ಹಾಕಿಕೊಂಡು, ಚೀಟಿಯನ್ನು ಬೆಳಕಿಗೆ ಹಿಡಿದು, ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು. ನಾನು ಪಕ್ಕದಿಂದ ಓದಿದೆ. ನಾನು ಹೇಳಿದ್ದೇ ಅದರಲ್ಲಿತ್ತು, ಅದೇ ಕ್ರಮದಲ್ಲಿ. ಅವರು ಇನ್ನೊಂದು ಸಲ ಓದಿ, ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು, ಡಾಕ್ಟರಿಗೆ ಕೈಮುಗಿದರು. ಆಮೇಲೆ ನನಗೆ ಏಳಲು ಕೈ ಕೊಟ್ಟರು.